ಬನವಾಸಿನಾಡಿನ ಪಕ್ಷಗಳು: ಹೆಸರಿಗೆ ಮಾತ್ರ ಪ್ರಾದೇಶಿಕ

ಮತ್ತಿಘಟ್ಟ ಎಂಬ ಊರಿನ ಹೆಸರಿನಲ್ಲಿ ಒಂದು ಮರವಿದೆ, ಒಂದು ಘಟ್ಟವಿದೆ. ಶಿರಸಿ ತಾಲ್ಲೂಕಿನ ಇಂಥ ಊರುಗಳಲ್ಲಿ ಸ್ಥಳನಾಮವೇ ನೆಲದ ವರ್ಣನೆ. ಕಣಿವೆಯಲ್ಲಿ ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಸರಕಾರದ ಕಾಡು. ಇಲ್ಲಿನ ಮತದಾರನು 1957ರಿಂದ, ಅಂದರೆ ಏಕೀಕೃತ ರಾಜ್ಯದ ಮೊದಲ ಚುನಾವಣೆಯಿಂದ, ಮತ ಹಾಕುತ್ತ ಬಂದಿದ್ದಾನೆ. ಅವನ ಮುಂದೆ ಬಂದುಹೋದ ಪಕ್ಷಗಳ ಹೆಸರುಗಳನ್ನು ಒಂದೆಡೆ ಬರೆದುಕೊಂಡರೆ ಭಾರತ, ರಾಷ್ಟ್ರ, ಜನತೆ, ಲೋಕ, ಕರ್ನಾಟಕ ಎಂಬ ದೊಡ್ಡ ಮಾತುಗಳೇ ಕಾಣುತ್ತವೆ. ಅವನ ಬೆಟ್ಟ, ಅವನ ತೋಟ, ಅವನ ಹೊಳೆಗಳನ್ನೇ ತನ್ನ ವಿಷಯವೆಂದು ಹೇಳಿಕೊಂಡು ಬೇರೂರಿದ ಪಕ್ಷ ಅವುಗಳಲ್ಲಿ ಇಲ್ಲ. ಇದರಲ್ಲಿ ಆಶ್ಚರ್ಯವೇನು ಎಂದು ಕೇಳಬಹುದು. ಆಶ್ಚರ್ಯಕ್ಕೆ ಕಾರಣವಿದೆ. ಕರ್ನಾಟಕದಲ್ಲಿ ಪ್ರಾದೇಶಿಕ ಪಕ್ಷಗಳನ್ನು ಕಟ್ಟಿದ ನಾಯಕರಲ್ಲಿ ಮೂವರು ಇದೇ ನೆಲಕ್ಕೆ, ಪ್ರಾಚೀನರು ಬನವಾಸಿ ಪನ್ನಿರ್ಚ್ಛಾಸಿರ ಎಂದು ಕರೆದ ಪ್ರದೇಶಕ್ಕೆ, ಸೇರಿದವರು.

ಪಕ್ಷಗಳ ಮಾತಿಗೆ ಬರುವ ಮೊದಲು ‘ನಾಡು’ ಎಂಬ ಶಬ್ದವನ್ನು ಸ್ವಲ್ಪ ನೋಡಬೇಕು. ಇಂದು ನಾವು ‘ನಾಡು’ ಎಂದರೆ ಸಾಮಾನ್ಯವಾಗಿ ಇಡೀ ರಾಜ್ಯವನ್ನು ಉದ್ದೇಶಿಸುತ್ತೇವೆ. ನಾಡಗೀತೆ, ನಾಡಹಬ್ಬ, ನಾಡಧ್ವಜ. ಶಾಸನಗಳ ‘ನಾಡು’ ಇಷ್ಟು ದೊಡ್ಡದಲ್ಲ. ಬನವಾಸಿ ಹನ್ನೆರಡು ಸಾಸಿರದ ಒಳಗೆ ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು ಮುಂತಾದ ಸಣ್ಣ ಘಟಕಗಳಿದ್ದವು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಶಾಸನಗಳಲ್ಲಿ ನಾಡು ಬರಿಯ ಭೂಭಾಗವಲ್ಲ, ಅದು ಸೇರಿ ಮಾತನಾಡುವ ಜನಸಮೂಹವೂ ಹೌದು. ನಾಡು ನೆರೆಯುತ್ತದೆ, ದತ್ತಿ ಬಿಡುತ್ತದೆ, ತೆರಿಗೆಯ ವಿಷಯದಲ್ಲಿ ತೀರ್ಮಾನಕ್ಕೆ ಬರುತ್ತದೆ, ಸಾಕ್ಷಿಯಾಗಿ ನಿಲ್ಲುತ್ತದೆ. ಅದರ ಮುಖ್ಯಸ್ಥನು ನಾಳ್ಗಾವುಂಡ. ಮೇಲೆ ರಾಷ್ಟ್ರಕೂಟರಿರಲಿ, ಚಾಳುಕ್ಯರಿರಲಿ, ಪ್ರಜೆಗೆ ಕಾಣಿಸುತ್ತಿದ್ದ ಅಧಿಕಾರ ಇವನದೇ.

ಈ ನಾಳ್ಗಾವುಂಡರ ಸಾಲಿನಲ್ಲಿ ಜೈನ ಸಾಹಿತ್ಯ–ಶಾಸನಗಳ ಓದುಗರೆಲ್ಲರಿಗೂ ಪರಿಚಿತಳಾದವಳು ಜಕ್ಕಿಯಬ್ಬೆ. ಹತ್ತನೆಯ ಶತಮಾನದ ಆರಂಭದಲ್ಲಿ ನಾಗರಖಂಡದ ನಾಳ್ಗಾವುಂಡನಾಗಿದ್ದ ಅವಳ ಪತಿ ತೀರಿಕೊಂಡಾಗ ರಾಷ್ಟ್ರಕೂಟ ಪ್ರಭುತ್ವ ಆ ಹೊಣೆಯನ್ನು ಅವಳಿಗೇ ಒಪ್ಪಿಸಿತು. ಅವಳು ಅದನ್ನು ಸಮರ್ಥವಾಗಿ ನಿರ್ವಹಿಸಿದಳು, ಜಿನಶಾಸನಭಕ್ತೆಯಾಗಿದ್ದಳು, ರೋಗ ಬಾಧಿಸಿದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನವ್ರತದಿಂದ ದೇಹವಿಟ್ಟಳು ಎಂಬುದು ಶಾಸನದ ಸಾರ. ನಮ್ಮಲ್ಲಿ ಇದನ್ನು ಸ್ತ್ರೀ ಆಡಳಿತಗಾರ್ತಿಯ ಉದಾಹರಣೆಯಾಗಿ, ಇಲ್ಲವೆ ಸಲ್ಲೇಖನದ ಉದಾಹರಣೆಯಾಗಿ ಬಳಸುವುದು ರೂಢಿ. ಅಷ್ಟೇ ಗಮನಿಸಬೇಕಾದದ್ದು ಅವಳ ಅಧಿಕಾರದ ವ್ಯಾಪ್ತಿ: ಎಪ್ಪತ್ತು ಹಳ್ಳಿ. ಸಾಮ್ರಾಜ್ಯದ ದೃಷ್ಟಿಯಲ್ಲಿ ಅದು ಅತ್ಯಲ್ಪ. ಆದರೂ ಅದು ಒಂದು ಪೂರ್ಣ ರಾಜಕೀಯ ಘಟಕವೆಂದು ಪರಿಗಣಿತವಾಗಿತ್ತು. ಅದರ ಹಿತವನ್ನು ನೋಡಿಕೊಳ್ಳುವುದು ಒಬ್ಬ ವ್ಯಕ್ತಿಯ ಜೀವಮಾನದ ಕೆಲಸವೆನಿಸಲು ಸಾಕಾಗಿತ್ತು. (ಅಧಿಕಾರ ಮಗಳಿಗೇ ಹೋಯಿತಲ್ಲ ಎಂದು ನಗುವ ವಿದ್ಯಾರ್ಥಿಗಳಿಗೆ ನಾನು ಅಡ್ಡಿಪಡಿಸುವುದಿಲ್ಲ, ಕುಟುಂಬ ರಾಜಕಾರಣಕ್ಕೂ ಶಿಲಾಶಾಸನದ ಆಧಾರವಿದೆ.)

ಈಗ ಆ ಮೂವರ ಕಡೆಗೆ ಬರೋಣ. ಸಿದ್ದಾಪುರದ ದೊಡ್ಮನೆಯಲ್ಲಿ 1926ರಲ್ಲಿ ಹುಟ್ಟಿದ ರಾಮಕೃಷ್ಣ ಹೆಗಡೆಯವರು 1996ರಲ್ಲಿ ಜನತಾದಳದಿಂದ ಉಚ್ಚಾಟಿತರಾಗಿ 1997ರಲ್ಲಿ ಲೋಕಶಕ್ತಿಯನ್ನು ಸ್ಥಾಪಿಸಿದರು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದ ಜೊತೆಗೂಡಿ ಅದು ಕರ್ನಾಟಕದಲ್ಲಿ 3 ಸ್ಥಾನ ಪಡೆಯಿತು, ಹೆಗಡೆಯವರು ಕೇಂದ್ರದಲ್ಲಿ ವಾಣಿಜ್ಯ ಸಚಿವರಾದರು. 1999ರ ಹೊತ್ತಿಗೆ ಆ ಪಕ್ಷ ಸಂಯುಕ್ತ ಜನತಾದಳದ ಪ್ರವಾಹದಲ್ಲಿ ಕರಗಿತು. ಸೊರಬದ ಕುಬಟೂರಿನ ಎಸ್. ಬಂಗಾರಪ್ಪನವರದು ಇನ್ನೂ ದೀರ್ಘವಾದ ಕಥೆ. ದೇವರಾಜ ಅರಸರು ಆರಂಭಿಸಿದ ಕ್ರಾಂತಿರಂಗವನ್ನು ಅವರು ಮುನ್ನಡೆಸಿದರು. 1983ರಲ್ಲಿ ಜನತಾ–ಕ್ರಾಂತಿರಂಗಗಳ ಕೂಟವೇ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರಕಾರಕ್ಕೆ ಬುನಾದಿಯಾಯಿತು. ಮುಖ್ಯಮಂತ್ರಿ ಪದವಿ ಕಳೆದುಕೊಂಡ ಮೇಲೆ ಅವರು ಕಟ್ಟಿದ ಕರ್ನಾಟಕ ಕಾಂಗ್ರೆಸ್ ಪಕ್ಷ 1994ರ ವಿಧಾನಸಭೆಯಲ್ಲಿ 10 ಸ್ಥಾನ ಗೆದ್ದಿತು. ಅನಂತರ ಕರ್ನಾಟಕ ವಿಕಾಸ ಪಕ್ಷ ಬಂದಿತು, ಅದೂ ಹೋಯಿತು. ಮೂರನೆಯದು ಶಿಕಾರಿಪುರದ ಪ್ರತಿನಿಧಿ ಬಿ.ಎಸ್. ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷ. ಅವರ ಹುಟ್ಟೂರು ಮಂಡ್ಯದ ಕಡೆಯದಾದರೂ ರಾಜಕೀಯ ಜನ್ಮ ಶಿಕಾರಿಪುರದ್ದು. 2012ರ ಡಿಸೆಂಬರಿನಲ್ಲಿ ಹಾವೇರಿಯ ಸಮಾವೇಶದಲ್ಲಿ ಅವರು ಅದರ ನೇತೃತ್ವ ವಹಿಸಿದರು. 2013ರಲ್ಲಿ 6 ಸ್ಥಾನ, ಶೇಕಡಾ ಹತ್ತರ ಸಮೀಪದ ಮತ. 2014ರ ಆರಂಭದಲ್ಲಿ ಮಾತೃಪಕ್ಷಕ್ಕೆ ಮರಳಿಕೆ.

ಭೂಪಟದಲ್ಲಿ ಸಿದ್ದಾಪುರ, ಸೊರಬ, ಶಿಕಾರಿಪುರ ಒಂದರ ಮಗ್ಗುಲಿಗೆ ಒಂದು. ಕುಬಟೂರು ಶಾಸನಗಳ ಕುಪ್ಪಟೂರು. ಕದಂಬ ರಾಣಿ ಮಾಳಲದೇವಿ ಹನ್ನೊಂದನೆಯ ಶತಮಾನದಲ್ಲಿ ಬಸದಿಗೆ ದತ್ತಿ ಬಿಟ್ಟ ಊರು. ಬಂದಳಿಕೆ, ಬಳ್ಳಿಗಾವೆ ಎರಡೂ ಶಿಕಾರಿಪುರದವು. ಇಷ್ಟು ಸಮೀಪದ ನೆಲದಿಂದ ಇಷ್ಟು ಪಕ್ಷಗಳು ಹುಟ್ಟಿದರೂ ಒಂದಾದರೂ ಈ ನೆಲವನ್ನು ತನ್ನ ವಿಷಯ ಮಾಡಿಕೊಳ್ಳಲಿಲ್ಲ. ಅವೆಲ್ಲವೂ ದೊಡ್ಡ ಪಕ್ಷವೊಂದರಲ್ಲಿ ಒಬ್ಬ ದೊಡ್ಡ ನಾಯಕನಿಗಾದ ಅನ್ಯಾಯದಿಂದ, ಇಲ್ಲವೆ ಅನ್ಯಾಯವೆಂದು ಅವರು ಭಾವಿಸಿದ್ದರಿಂದ, ಹುಟ್ಟಿದವು. ಆ ಮುನಿಸು ತಣಿದೊಡನೆ ಅವುಗಳ ಆಯುಷ್ಯ ಮುಗಿಯಿತು. ಪತ್ರಿಕೆಗಳು ಇವನ್ನು ‘ಪ್ರಾದೇಶಿಕ ಪಕ್ಷ’ ಎಂದು ಕರೆದವು, ಸಂಶೋಧನ ಪ್ರಬಂಧಗಳೂ ಅದೇ ಪರಿಭಾಷೆಯನ್ನು ಮುಂದುವರಿಸುತ್ತಿವೆ. ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಒಂದು ರಾಜ್ಯಕ್ಕೆ ಸೀಮಿತವಾದ ಪಕ್ಷವೆಲ್ಲ ಪ್ರಾದೇಶಿಕವಾಗದು. ಪ್ರದೇಶವೊಂದು ಅದರ ಚಿಂತನೆಯ ಕೇಂದ್ರವಾಗಿರಬೇಕು. ಈ ಅಳತೆಯಲ್ಲಿ ಇವು ವ್ಯಕ್ತಿಪಕ್ಷಗಳು. ವಿಜಯ ಸಂಕೇಶ್ವರರ ಕನ್ನಡನಾಡು ಪಕ್ಷವಂತೂ ಹೆಸರಿನಲ್ಲೇ ನಾಡನ್ನು ಇಟ್ಟುಕೊಂಡು 2004ರ ಚುನಾವಣೆಗೆ ಇಳಿದಿತ್ತು, ಬೇರು ಬಿಡಲಿಲ್ಲ.

ಹೆಗಡೆಯವರ ವಿಷಯದಲ್ಲಿ ಒಂದು ಮಾತನ್ನು ಬೇರೆಯಾಗಿ ಹೇಳಲೇಬೇಕು, ಇಲ್ಲವಾದರೆ ಅನ್ಯಾಯವಾದೀತು. ಅವರು ಮುಖ್ಯಮಂತ್ರಿಯಾಗಿ ಪ್ರತಿನಿಧಿಸಿದ್ದು ಮೊದಲು ಕನಕಪುರವನ್ನು, ಆಮೇಲೆ ಬಸವನಗುಡಿಯನ್ನು, ತಮ್ಮ ಮಲೆನಾಡನ್ನಲ್ಲ. ಆದರೆ ಅಬ್ದುಲ್ ನಜೀರ್ ಸಾಬ್ ಅವರ ಜೊತೆ ಸೇರಿ ಅವರು ತಂದ 1983ರ ಜಿಲ್ಲಾ ಪರಿಷತ್ತು–ಮಂಡಲ ಪಂಚಾಯತಿ ಕಾನೂನು, ಹಳ್ಳಿಗಳ ಒಂದು ಗುಂಪಿಗೆ ತನ್ನದೇ ಸಭೆ, ತನ್ನದೇ ಹಣ, ಮಹಿಳೆಯರಿಗೆ ಶೇಕಡಾ 25ರ ಮೀಸಲಾತಿ ಕೊಟ್ಟಿತು. ಸಂವಿಧಾನದ 73ನೆಯ ತಿದ್ದುಪಡಿಗಿಂತ ಸುಮಾರು ಹತ್ತು ವರ್ಷ ಮೊದಲು. ನಾಗರಖಂಡ ಎಪ್ಪತ್ತರ ಕಲ್ಪನೆಗೆ ಆಧುನಿಕ ಕರ್ನಾಟಕದಲ್ಲಿ ಹತ್ತಿರ ಬಂದದ್ದು ಇದೊಂದೇ ಎಂದು ನನಗೆ ತೋರುತ್ತದೆ. ಸಣ್ಣ ಘಟಕದ ಹಿತವನ್ನು ಹೀಗೆ ಬಲ್ಲವರು ಕೊನೆಗಾಲದಲ್ಲಿ ಕಟ್ಟಿದ ಪಕ್ಷ ಆ ದಾರಿಯನ್ನು ಹಿಡಿಯಲಿಲ್ಲ. ಅದು ದಿಲ್ಲಿಯ ದಾರಿ ಹಿಡಿಯಿತು.

ಹಾಗಾದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಿತವನ್ನು ನೋಡಿಕೊಂಡವರು ಯಾರು? ಪಕ್ಷಗಳಲ್ಲ. ಸೊಪ್ಪಿನ ಬೆಟ್ಟದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಸೊಪ್ಪು, ದರಕು, ಸೌದೆಗಾಗಿ ಬಳಸುವ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದದ್ದು. ಅದು ಹಕ್ಕೋ ಅನುಗ್ರಹವೋ ಎಂಬ ಜಗ್ಗಾಟ ಅಂದಿನಿಂದ ಇಂದಿನವರೆಗೂ ನಡೆದಿದೆ. ಅಡಿಕೆಯ ವ್ಯಾಪಾರದಲ್ಲಿ ಬೆಳೆಗಾರನ ಕೈ ಹಿಡಿದದ್ದು 1923ರಲ್ಲಿ ಸ್ಥಾಪಿತವಾದ ತೋಟಗಾರ್ಸ್ ಸಹಕಾರಿ ಸೇಲ್ ಸೊಸೈಟಿ. ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟಿನ ಯೋಜನೆ ಬಂದಾಗ 1980ರ ದಶಕದ ಆರಂಭದಲ್ಲಿ ವಿಜ್ಞಾನಿಗಳನ್ನು ಕರೆಸಿ, ಲಾಭನಷ್ಟಗಳ ಲೆಕ್ಕವನ್ನು ಸಾರ್ವಜನಿಕವಾಗಿ ಹಾಕಿಸಿದ್ದೂ ಇದೇ ಸಹಕಾರ ಸಂಘ. ಅಡಿಕೆ ಮಾರುವ ಸಂಸ್ಥೆಯೊಂದು ವಿಧಾನಸಭೆ ಮಾಡಬೇಕಾದ ಕೆಲಸವನ್ನು ಮಾಡಿತು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಸಮೀಪದ ಕಳಾಸೆ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿಕೊಂಡು ನಿಂತರು. ಆಗ ಮುಖ್ಯಮಂತ್ರಿಯಾಗಿದ್ದವರು ಪಕ್ಕದ ಸಿದ್ದಾಪುರದ ಹೆಗಡೆಯವರೇ. ಊರಿನವರೇ ರಾಜ್ಯದ ಅತ್ಯುನ್ನತ ಸ್ಥಾನದಲ್ಲಿದ್ದಾಗಲೂ ಊರಿನ ಕಾಡಿಗಾಗಿ ಮರವನ್ನಪ್ಪಬೇಕಾಯಿತು ಎಂಬುದು ವ್ಯಕ್ತಿಯ ದೋಷವಲ್ಲ. ಪಕ್ಷದ ರಚನೆಯಲ್ಲಿ ಊರಿಗೆ ಜಾಗವಿರಲಿಲ್ಲ ಎಂಬುದರ ಲಕ್ಷಣ.

ಅಪ್ಪಿಕೋ ಪಕ್ಷವಾಗದೆ ಉಳಿದದ್ದೇ ಅದರ ಶಕ್ತಿ ಎಂದು ಹೇಳುವವರಿದ್ದಾರೆ. ಈ ವಾದಕ್ಕೆ ಬಲವಿದೆ. ಚಳವಳಿಗೆ ಮತದ ಲೆಕ್ಕವಿಲ್ಲ, ಜಾತಿಯ ಹಂಚಿಕೆಯಿಲ್ಲ, ಎಲ್ಲ ಪಕ್ಷದವರೂ ಬರಬಹುದು. ಆದರೆ ಚಳವಳಿಯ ಕೈಯಲ್ಲಿರುವುದು ಬೇಡ ಎಂಬ ಒಂದೇ ಮಾತು. ಮರ ಕಡಿಯುವುದು ಬೇಡ, ಅಣೆಕಟ್ಟು ಬೇಡ, ನದಿ ತಿರುವು ಬೇಡ. ಏನು ಬೇಕು, ಯಾವ ಕ್ರಮದಲ್ಲಿ ಬೇಕು, ಅದಕ್ಕೆ ಹಣವೆಲ್ಲಿಂದ ಎಂಬುದನ್ನು ಶಾಸನಸಭೆಯಲ್ಲಿ ನಿಂತು ಹೇಳಲು ಅದಕ್ಕೆ ಆಸನವಿಲ್ಲ. ಆ ಆಸನದಲ್ಲಿ ಕುಳಿತವರಿಗೆ ಬೆಂಗಳೂರಿನ ಅಥವಾ ದಿಲ್ಲಿಯ ಅಪ್ಪಣೆ; 1985ರ ಪಕ್ಷಾಂತರ ನಿಷೇಧ ಕಾನೂನಿನ ಬಳಿಕ ತನ್ನ ತಾಲ್ಲೂಕಿಗಾಗಿ ಪಕ್ಷದ ಸಚೇತಕಾಜ್ಞೆಯನ್ನು ಮೀರಿ ಮತ ಹಾಕುವ ಶಾಸಕನ ಸ್ಥಾನಕ್ಕೇ ಸಂಚಕಾರ. ಚಳವಳಿ ಹೊರಗೆ ಕೂಗುತ್ತದೆ, ಪ್ರತಿನಿಧಿ ಒಳಗೆ ಮೌನವಾಗಿರುತ್ತಾನೆ. ನಲವತ್ತು ವರ್ಷಗಳಿಂದ ನಾವು ಈ ವ್ಯವಸ್ಥೆಗೆ ಒಗ್ಗಿಕೊಂಡಿದ್ದೇವೆ.

ಸ್ಥಳೀಯ ಹಿತವೊಂದನ್ನೇ ಹಿಡಿದು ಶಾಸನಸಭೆಗೆ ಹೋದ ಪ್ರಯೋಗವೇ ಕನ್ನಡಿಗರಲ್ಲಿ ಇಲ್ಲವೆ? ಇದೆ, ಆದರೆ ಕರ್ನಾಟಕದ ಹೊರಗೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಅಲ್ಲಿನ ಕನ್ನಡಿಗರು ಕಟ್ಟಿಕೊಂಡ ಕರ್ನಾಟಕ ಸಮಿತಿಯ ಇತಿಹಾಸವನ್ನು ನಮ್ಮ ಸಾಹಿತ್ಯ ವಿದ್ಯಾರ್ಥಿಗಳು ಕಯ್ಯಾರ ಕಿಞ್ಞಣ್ಣ ರೈಗಳ ಕವಿತೆಯ ಅಡಿಟಿಪ್ಪಣಿಯಾಗಿ ಮಾತ್ರ ಓದುತ್ತಾರೆ. ಅದು ಅಡಿಟಿಪ್ಪಣಿಗಿಂತ ದೊಡ್ಡದು. 1957ರ ಕೇರಳದ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು; ಕಮ್ಯುನಿಸ್ಟರೂ ಕಾಂಗ್ರೆಸ್ಸೂ ಪ್ರಾಣ ಪಣವಿಟ್ಟು ಹೋರಾಡಿದ ಆ ಚುನಾವಣೆಯಲ್ಲಿ ಇಂಥದೊಂದು ನಡೆದದ್ದು ಸಾಮಾನ್ಯ ಸಂಗತಿಯಲ್ಲ. 1960ರಲ್ಲಿ ಅಲ್ಲಿಂದಲೇ ಸಮಿತಿಯ ಕೆ. ಮಹಾಬಲ ಭಂಡಾರಿ ಗೆದ್ದರು, 1967ರಲ್ಲಿ ಮತ್ತೆ ಗೆದ್ದರು. ಆ ವರ್ಷ ಕಾಸರಗೋಡು ಕ್ಷೇತ್ರದಿಂದ ಯು.ಪಿ. ಕುಣಿಕುಳ್ಳಾಯರೂ ಆರಿಸಿಬಂದರು. ಅದೇ ವರ್ಷ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ತಿರುವನಂತಪುರದ ಸಭೆಯಲ್ಲಿ ಇಬ್ಬರೇ ಇಬ್ಬರು. ಆದರೂ ಆ ಪ್ರದೇಶಕ್ಕೆ ತನ್ನದೇ ಪ್ರಶ್ನೆಯಿದೆ ಎಂಬುದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ.

ವರದಿ ಜಾರಿಯಾಗಲಿಲ್ಲ. 1970ರಲ್ಲಿ ಮಂಜೇಶ್ವರ ಕಮ್ಯುನಿಸ್ಟ್ ಪಕ್ಷದ ಕೈಗೆ ಹೋಯಿತು, ಅನಂತರ ಮುಸ್ಲಿಂ ಲೀಗಿಗೆ. ಸಮಿತಿ ಏಕೆ ಸೊರಗಿತು? ಅದರ ಬೇಡಿಕೆ ವಿಲೀನವೊಂದೇ ಆಗಿತ್ತು, ಆ ಬಾಗಿಲು ಮುಚ್ಚಿದ ಮೇಲೆ ಅದಕ್ಕೆ ಹೇಳಲು ಬೇರೆ ಮಾತು ಉಳಿಯಲಿಲ್ಲ ಎಂಬುದು ನನ್ನ ಗ್ರಹಿಕೆ. ಕನ್ನಡ ಶಾಲೆ, ಕನ್ನಡ ಬಲ್ಲ ಶಿಕ್ಷಕ, ಕಚೇರಿಯಲ್ಲಿ ಕನ್ನಡದ ಅರ್ಜಿ ಎಂಬ ದಿನನಿತ್ಯದ ಹಿತಗಳು ವಿಲೀನಕ್ಕಿಂತ ಸಣ್ಣವು, ಆದರೆ ದೀರ್ಘಾಯುಷಿಗಳು. ಅವಕ್ಕಾಗಿ ಇಂದಿಗೂ ಕಾಸರಗೋಡಿನಲ್ಲಿ ಹೋರಾಟ ನಡೆದಿದೆ, ಆದರೆ ಶಾಸನಸಭೆಯೊಳಗೆ ಅದಕ್ಕೆ ಸ್ವಂತದ ಧ್ವನಿಯಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಮೇಲುಕೋಟೆಯ ರೈತ ರಾಜಕಾರಣವನ್ನು ನೋಡಬಹುದು: ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಸರ್ವೋದಯ ಕರ್ನಾಟಕದಿಂದ ಮೇಲುಕೋಟೆಯಲ್ಲಿ ಗೆದ್ದರು, 2023ರಲ್ಲಿ ಅವರ ಮಗ ಗೆದ್ದರು. ಕಬ್ಬು, ನಾಲೆ, ಸಾಲ ಇವು ಪ್ರತಿವರ್ಷ ಹೊಸದಾಗಿ ಹುಟ್ಟುವ ಪ್ರಶ್ನೆಗಳು; ಪಕ್ಷವೂ ಅವುಗಳ ಜೊತೆ ಉಳಿಯಿತು.

ಸ್ಥಳೀಯ ಹಿತವೆಂದರೆ ಸಂಕುಚಿತತೆಯಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ತಳ್ಳಿಹಾಕಲಾಗದು. ಬೇಡ್ತಿ–ವರದಾ ನದಿ ಜೋಡಣೆಯನ್ನೇ ನೋಡಿ. ಶಿರಸಿ, ಯಲ್ಲಾಪುರದ ಜನ ಅದನ್ನು ವಿರೋಧಿಸುತ್ತಾರೆ. ಸ್ವರ್ಣವಲ್ಲಿಯ ಸ್ವಾಮಿಗಳು ಆ ವಿರೋಧದ ಮುಂಚೂಣಿಯಲ್ಲಿದ್ದಾರೆ. ಹಾವೇರಿ, ಗದಗಿನ ಬಯಲಿನವರಿಗೆ ಅದೇ ನೀರು ಬೇಕು. ವರದೆ ಬನವಾಸಿಯನ್ನು ಬಳಸಿಕೊಂಡೇ ಹಾವೇರಿಯ ಕಡೆಗೆ ಹರಿಯುವ ನದಿ. ಹಾನಗಲ್ಲಿನ ಪಾನುಂಗಲ್ ಐನೂರು ಬನವಾಸಿಯ ಜೊತೆ ಜೊತೆಗೇ ಆಳಿಸಿಕೊಂಡ ನಾಡು. ಹೀಗಿರುವಾಗ ಯಾವುದು ಸ್ಥಳೀಯ, ಯಾರದು ಹಿತ? ಈ ಪ್ರಶ್ನೆಗೆ ನಮ್ಮ ದರ್ಶನಗ್ರಂಥಗಳಲ್ಲಿ ಒಂದು ಉಪಯುಕ್ತ ವಿಂಗಡಣೆಯಿದೆ. ವಸ್ತುವಿನ ಒಂದು ಮುಖವನ್ನು ಹಿಡಿದು ನೋಡುವ ದೃಷ್ಟಿ ನಯ. ಅದು ಅಪೂರ್ಣ, ಆದರೆ ಮಿಥ್ಯೆಯಲ್ಲ. ತಾನೇ ಪೂರ್ಣವೆಂದು ಹೇಳಿ ಇತರ ಮುಖಗಳನ್ನು ನಿರಾಕರಿಸಿದಾಗ ಮಾತ್ರ ಅದು ದುರ್ನಯವಾಗುತ್ತದೆ. ಸಿದ್ಧಸೇನ ದಿವಾಕರನು ಸನ್ಮತಿಸೂತ್ರದಲ್ಲಿ ಇದಕ್ಕೆ ಕೊಡುವ ದೃಷ್ಟಾಂತ ರತ್ನಹಾರದ್ದು: ಬಿಡಿರತ್ನಗಳು ಎಷ್ಟೇ ಬೆಲೆಯುಳ್ಳವಾದರೂ ದಾರಕ್ಕೆ ಪೋಣಿಸದೆ ಹಾರವೆನಿಸುವುದಿಲ್ಲ.

ಈ ದೃಷ್ಟಾಂತವನ್ನು ಐಕ್ಯದ ಹೊಗಳಿಕೆಯಾಗಿ ಉದ್ಧರಿಸುವುದು ವಾಡಿಕೆ. ಅದರ ಇನ್ನೊಂದು ಮಗ್ಗುಲನ್ನು ಮರೆಯಬಾರದು. ರತ್ನಗಳೇ ಇಲ್ಲದೆ ದಾರವೊಂದೇ ಹಾರವಾಗದು. ಬೇಡ್ತಿಯ ಪಕ್ಷವೊಂದು ಸಭೆಯಲ್ಲಿದ್ದು, ಹಾವೇರಿಯ ಪಕ್ಷವೊಂದು ಎದುರಿಗಿದ್ದು, ಇಬ್ಬರೂ ತಮ್ಮ ಲೆಕ್ಕವನ್ನು ಮುಂದಿಟ್ಟು ವಾದಿಸಿದರೆ ಅಲ್ಲಿ ನಯಗಳ ಸಂವಾದಕ್ಕೆ ಅವಕಾಶವಿದೆ. ಇಂದು ನಡೆಯುತ್ತಿರುವುದೇನು? ಒಂದೇ ಪಕ್ಷದ ನಾಯಕರು ಹಾವೇರಿಯಲ್ಲಿ ನೀರು ತರುತ್ತೇವೆ ಎನ್ನುತ್ತಾರೆ, ಶಿರಸಿಯಲ್ಲಿ ಪರಿಶೀಲಿಸುತ್ತೇವೆ ಎನ್ನುತ್ತಾರೆ. ಇದನ್ನು ಅನೇಕಾಂತವೆಂದು ತಪ್ಪು ತಿಳಿಯಬಾರದು. ಎರಡು ಕಡೆಯ ಸತ್ಯವನ್ನು ಒಪ್ಪುವುದು ಬೇರೆ, ಎರಡು ಕಡೆ ಎರಡು ಮಾತನಾಡುವುದು ಬೇರೆ.

ಆದ್ದರಿಂದ ಘಟ್ಟದ ಮೇಲಿನ ಈ ತಾಲ್ಲೂಕುಗಳಿಗೆ ಒಂದು ಸಣ್ಣ ಪಕ್ಷ ಬೇಕು, ಅದು ಸಣ್ಣದಾಗಿಯೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಮುಖ್ಯಮಂತ್ರಿಯನ್ನು ಮಾಡುವ ಹಂಬಲ ಅದಕ್ಕೆ ಬೇಡ. ಬೆಟ್ಟದ ಹಕ್ಕು, ಅರಣ್ಯ ಅತಿಕ್ರಮಣದ ಸಕ್ರಮ, ಕೊಳೆರೋಗದ ಪರಿಹಾರ, ಮಳೆಗಾಲದ ರಸ್ತೆ, ಮುಚ್ಚುತ್ತಿರುವ ಕನ್ನಡ ಶಾಲೆ, ಇಷ್ಟನ್ನು ಐದು ವರ್ಷ ಬಿಡದೆ ಕೇಳಿದರೆ ಸಾಕು. ತೋಟದ ಒಡೆಯನ ಹಿತಕ್ಕೂ ಅದೇ ತೋಟಕ್ಕೆ ಬರುವ ಕೂಲಿಯವನ ಹಿತಕ್ಕೂ, ಹವ್ಯಕ, ನಾಮಧಾರಿ, ಕರೆ ಒಕ್ಕಲ, ಸಿದ್ದಿ ಜನಗಳ ಹಿತಗಳಿಗೂ ನಡುವೆ ಇರುವ ಅಂತರವನ್ನು ಅದು ಮುಚ್ಚಿಡಬಾರದು. ಬೆಟ್ಟವಿರುವವನ ಪಕ್ಷ ಮಾತ್ರವಾದರೆ ಅದು ನಾಡಲ್ಲ, ಸಂಘ. ಸ್ವಾದಿಯ ಜೈನಮಠ, ಸ್ವರ್ಣವಲ್ಲಿ, ವಾದಿರಾಜಮಠ ಮೂರೂ ಸೋಂದೆಯ ಒಂದೇ ಪರಿಸರದಲ್ಲಿ ಶತಮಾನಗಳಿಂದ ಇರುವುದನ್ನು ಕಂಡವರಿಗೆ ಇದು ಅಸಾಧ್ಯವೆನಿಸಬೇಕಾಗಿಲ್ಲ. ಕನ್ನಡಕ್ಕೆ ಸಂಸ್ಕೃತ ಸೂತ್ರಗಳಲ್ಲಿ ವ್ಯಾಕರಣ ಬರೆದ ಭಟ್ಟಾಕಳಂಕನು ಇದೇ ಸೋಂದೆಯ ಪರಂಪರೆಯವನು, ಗ್ರಂಥದ ಕಾಲ 1604.

ಅಸಾಧ್ಯವಲ್ಲದಿದ್ದರೂ ದಾರಿ ಸುಗಮವಲ್ಲ. ಚುನಾವಣಾ ಚಿಹ್ನೆಗಳ ಆದೇಶವು ರಾಜ್ಯವೊಂದನ್ನೇ ಪ್ರದೇಶದ ಅಳತೆಯಾಗಿ ಹಿಡಿಯುತ್ತದೆ. ರಾಜ್ಯಪಕ್ಷವೆಂಬ ಮನ್ನಣೆಗೆ ವಿಧಾನಸಭೆಯ ಶೇಕಡಾ 3ರಷ್ಟು ಸ್ಥಾನ, ಅಂದರೆ ಕರ್ನಾಟಕದ 224ರಲ್ಲಿ 7 ಬೇಕು. ಇಲ್ಲವೆ 2 ಸ್ಥಾನಗಳ ಜೊತೆಗೆ ಇಡೀ ರಾಜ್ಯದ ಶೇಕಡಾ 6 ಮತ, ಇಲ್ಲವೆ ಇಂಥವೇ ಇತರ ಷರತ್ತುಗಳು. ಉತ್ತರ ಕನ್ನಡ ಜಿಲ್ಲೆಯ ವಿಧಾನಸಭಾ ಕ್ಷೇತ್ರಗಳು ಒಟ್ಟು 6. ಕಾರವಾರದಿಂದ ಭಟ್ಕಳದವರೆಗೆ, ಹಳಿಯಾಳದಿಂದ ಶಿರಸಿಯವರೆಗೆ ಒಂದನ್ನೂ ಬಿಡದೆ ಗೆದ್ದ ಪಕ್ಷಕ್ಕೂ ಕಾಯ್ದಿರಿಸಿದ ಚಿಹ್ನೆ ದೊರೆಯುವುದಿಲ್ಲ. ಕಾನೂನಿನ ಕಣ್ಣಿಗೆ ನಾಡು ಎಂಬುದೊಂದು ಇಲ್ಲವೇ ಇಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿದಂದಿನಿಂದ ಸೊರಬ, ಶಿಕಾರಿಪುರಗಳು ಮೈಸೂರಿನವಾಗಿ, ಶಿರಸಿ, ಸಿದ್ದಾಪುರಗಳು ಮುಂಬಯಿಯವಾಗಿ ನೂರು ವರ್ಷದ ಹತ್ತಿರ ಬೇರೆಯಾಗಿದ್ದವು. ಏಕೀಕರಣ ಅವನ್ನು ಒಂದೇ ರಾಜ್ಯಕ್ಕೆ ತಂದಿತು, ಒಂದೇ ಜಿಲ್ಲೆಗೆ ತರಲಿಲ್ಲ. ಇಂದು ಹಳೆಯ ಬನವಾಸಿ ಹನ್ನೆರಡು ಸಾಸಿರದ ನೆಲ ಉತ್ತರ ಕನ್ನಡ, ಶಿವಮೊಗ್ಗ, ಹಾವೇರಿ ಎಂಬ ಮೂರು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿದೆ. ಶಿರಸಿಯನ್ನು ಕೇಂದ್ರವಾಗಿಟ್ಟು ಕದಂಬ ಕನ್ನಡ ಜಿಲ್ಲೆಯಾಗಬೇಕೆಂಬ ಕೂಗು ಈಚೆಗೆ ಕೇಳಿಬರುತ್ತಿದೆ. ಅದರ ಹೆಸರಿನಲ್ಲಿರುವ ಕದಂಬರ ರಾಜಧಾನಿ ಬನವಾಸಿ ಶಿರಸಿ ತಾಲ್ಲೂಕಿನಲ್ಲೇ ಇದ್ದರೂ, ವಿಧಾನಸಭೆಗೆ ಅಲ್ಲಿನವರು ಮತ ಹಾಕುವುದು ಯಲ್ಲಾಪುರ ಕ್ಷೇತ್ರದಲ್ಲಿ.